ಮಾತು ನಾಳೆ ಬೆಳಗ್ಗೆ

ಆಲೂರು ತಾಲ್ಲೂಕಿನ ಪಾಳ್ಯದ ಕಡೆ ನಮ್ಮ ಅಣ್ಣನ ತೋಟ. ಅಲ್ಲಿ ರಾತ್ರಿ ಹತ್ತರ ಮೇಲೆ ಕೇಳುವ ಸದ್ದುಗಳಿಗೆಲ್ಲ ಒಂದೊಂದು ಅರ್ಥ ಇದೆ. ಬಿದಿರು ಲಟಲಟ ಮುರಿದರೆ ಆನೆ. ನಾಯಿ ಒಂದೇ ಸಮ ಬೊಗಳಿದರೆ ಹಂದಿ, ಬೊಗಳುವುದನ್ನು ನಿಲ್ಲಿಸಿ ಮುಲುಗುತ್ತಾ ಮಂಚದ ಕೆಳಗೆ ಸೇರಿಕೊಂಡರೆ ಚಿರತೆ. ಗೇಟಿನಿಂದ ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸಿಕೊಂಡು, ಲೈಟೂ ಹಾಕದೆ, ಚಕ್ರದ ಕೆಳಗೆ ಜಲ್ಲಿ ಕರಕರ ಅನ್ನುವ ಸದ್ದು ಬಂದರೆ ಅದು ಮನೆಯ ಮಗ.

ಮೂರು ವರ್ಷದ ಹಿಂದೆ, ಅರೇಬಿಕಾ ಕೊಯ್ಲು ನಡೆಯುತ್ತಿದ್ದ ಡಿಸೆಂಬರಿನಲ್ಲಿ, ಆ ಸದ್ದು ಕೇಳಿದ ರಾತ್ರಿ ನಾನೂ ಅಲ್ಲಿದ್ದೆ. ಹುಡುಗನಿಗೆ ಆಗ ಹದಿನಾರು, ಮೊದಲ ಪಿಯುಸಿ. ಸಂಜೆ ಆರಕ್ಕೆ ಬಾಳ್ಳುಪೇಟೆಗೆ ಹೋಗಿ ಬರ್ತೀನಿ ಅಂದವನು ಹತ್ತೂವರೆಯಾದರೂ ಇಲ್ಲ, ಫೋನ್ ಸ್ವಿಚ್ ಆಫ್. ಪಕ್ಕದ ತೋಟದಲ್ಲಿ ಆನೆಗಳಿವೆ, ಯಾರೂ ಓಡಾಡಬೇಡಿ ಅಂತ ಒಂಬತ್ತು ಗಂಟೆಗೇ ಊರಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದಿತ್ತು. ಅಣ್ಣ ಜಗಲಿಯಲ್ಲಿ ಕೂತಿದ್ದ. ಭಯ ಒಂದು ಗಂಟೆಯ ಹಿಂದೆಯೇ ಸಿಟ್ಟಾಗಿ ತಿರುಗಿತ್ತು. ಜಲ್ಲಿಯ ಸದ್ದು ಕೇಳಿದ್ದೇ ಎದ್ದು ನಿಂತ. ಅತ್ತಿಗೆ ಅವನ ತೋಳು ಹಿಡಿದು, "ರೀ, ನೀವು ಒಳಗೆ ಹೋಗಿ. ಮಾತು ನಾಳೆ ಬೆಳಗ್ಗೆ" ಅಂದರು.

ಆಮೇಲೆ ಬಾಗಿಲು ತೆಗೆದರು. ಹುಡುಗನ ಬಾಯಲ್ಲಿ ಬಿಯರ್ ವಾಸನೆ, ಮೊಣಕೈ ತರಚಿ ರಕ್ತ ಒಣಗಿತ್ತು. ಅತ್ತಿಗೆ ಕೇಳಿದ್ದು ಒಂದೇ ಮಾತು: "ಉಂಡ್ಯೇನೋ?" ಅವನು ಇಲ್ಲ ಅಂತ ತಲೆಯಾಡಿಸಿದ. ಬಿಸಿನೀರಿನಲ್ಲಿ ಮೊಣಕೈ ತೊಳೆದರು, ಅಕ್ಕಿರೊಟ್ಟಿ ಬಿಸಿ ಮಾಡಿ ಹಾಕಿದರು. ಅವನು ಮಲಗಲು ಹೋಗುವಾಗ, "ಇವತ್ತು ಮನೆಗೆ ಬಂದ್ಯಲ್ಲ, ಅಷ್ಟು ಸಾಕು. ನಾಳೆ ಮಾತಾಡಣ, ಮರೆಯಲ್ಲ ನಾನು" ಅಂದರು.

ಆವತ್ತು ನನಗೆ ಅದು ಮುದ್ದಿನ ಅತಿರೇಕ ಅನ್ನಿಸಿತು. ಮೂರು ವರ್ಷ ಆ ತಾಯಿ ಮಗನನ್ನು ಹತ್ತಿರದಿಂದ ನೋಡಿದ ಮೇಲೆ, ಈ ವಿಷಯದಲ್ಲಿ ಪಳಗಿದವರು ಬರೆದದ್ದನ್ನು ಓದಿದ ಮೇಲೆ, ಅದು ಒಂದು ಕಸುಬು ಅಂತ ತಿಳಿದಿದೆ. ಮರಗಸಿ ಮಾಡುವವನು ಮರದ ಮೇಲೆ ನಿಂತು ಯಾವ ಕೊಂಬೆ ಕಡಿಯಬೇಕು, ಯಾವುದನ್ನು ಬಿಡಬೇಕು ಅಂತ ನೋಡುತ್ತಾನಲ್ಲ, ಅಂಥದ್ದೇ ಕಣ್ಣು ಬೇಡುವ ಕಸುಬು. ನಮ್ಮ ಊರುಗಳಲ್ಲಿ ಇದನ್ನು ಕೈಗೂಡಿಸಿಕೊಂಡ ತಾಯಂದಿರು, ತಂದೆಯರು, ಅಜ್ಜಿಯರು ಇದ್ದಾರೆ. ಅವರು ಮಾಡುವುದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಯಾರೂ ಹೊಗಳುವುದೂ ಇಲ್ಲ.

ಮೊದಲನೆಯದು ಹೊತ್ತು. ಆ ರಾತ್ರಿ ಬೈದಿದ್ದರೆ ಯಾರಿಗೆ ಬೈದಂತಾಗುತ್ತಿತ್ತು? ಬಿಯರ್ ಕುಡಿದ, ಬಿದ್ದು ಎದ್ದು ಬಂದ, ಆನೆಯ ಭಯದಲ್ಲಿ ಎದೆ ಹೊಡೆದುಕೊಳ್ಳುತ್ತಿದ್ದ ಒಂದು ದೇಹಕ್ಕೆ. ಮಾತು ಕೇಳಿಸಿಕೊಳ್ಳಬೇಕಾದವನು ಆಗ ಅಲ್ಲಿ ಇರಲೇ ಇಲ್ಲ. ಅಣ್ಣನ ಸ್ಥಿತಿಯೂ ಅದೇ. ಹಾಗಂತ ಅತ್ತಿಗೆ ವಿಷಯವನ್ನು ಬಿಟ್ಟುಬಿಡಲೂ ಇಲ್ಲ. "ಮರೆಯಲ್ಲ ನಾನು" ಅನ್ನುವ ಎರಡು ಪದದಲ್ಲಿ ಕಸುಬಿನ ಅರ್ಧ ಭಾಗ ಇದೆ. ಅನೇಕ ಮನೆಗಳಲ್ಲಿ ರಾತ್ರಿ ರಣರಂಗ, ಬೆಳಗಾದರೆ ಏನೂ ಆಗಿಲ್ಲವೆಂಬಂತೆ ಮೌನ. ಹುಡುಗರು ಅದನ್ನು ಬೇಗ ಕಲಿಯುತ್ತಾರೆ: ಒಂದು ಗಂಟೆ ಬೈಗುಳ ತಡೆದುಕೊಂಡರೆ ಲೆಕ್ಕ ಚುಕ್ತಾ.

ಮರುದಿನ ಬೆಳಗ್ಗೆ ಆರೂವರೆಗೆ ಅತ್ತಿಗೆ ಎರಡು ಲೋಟ ಕಾಫಿ ಹಿಡಿದು ಮಗನನ್ನು ಎಬ್ಬಿಸಿ, ರಾತ್ರಿ ಆನೆ ಎಲ್ಲಿ ದಾಟಿವೆ ನೋಡಿಬರೋಣ ಬಾ ಅಂತ ಕರೆದುಕೊಂಡು ಹೋದರು. ಬೇಲಿಯ ಹತ್ತಿರ ಮಣ್ಣಲ್ಲಿ ಹೆಜ್ಜೆ ಬಿದ್ದಿದ್ದವು. ಗೇಟಿನಿಂದ ನೂರು ಅಡಿಯೂ ಇಲ್ಲ. ಹುಡುಗ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತನಂತೆ. "ನೀನು ಹೇಳು" ಅಂದರಂತೆ ಅತ್ತಿಗೆ. ಆಮೇಲೆ ಸುಮ್ಮನಾದರಂತೆ. ಆ ಸುಮ್ಮನಾಗುವುದು ಎಷ್ಟು ಕಷ್ಟ ಅಂತ ಮಕ್ಕಳನ್ನು ಬೆಳೆಸಿದವರಿಗೆ ಗೊತ್ತು. ನಾವು ಪ್ರಶ್ನೆ ಕೇಳಿ, ಉತ್ತರವನ್ನೂ ನಾವೇ ಕೊಟ್ಟು, ಆ ಉತ್ತರಕ್ಕೆ ನಾವೇ ಸಿಟ್ಟಾಗುತ್ತೇವೆ.

ಹುಡುಗ ಹೇಳಿದ್ದು: ಗೆಳೆಯನ ಅಣ್ಣನ ಬೈಕು, ಮೂವರು, ಘಾಟಿ ಕಡೆಯ ದೋಣಿಗಾಲ್ ತನಕ ಹೋಗಿ ಬರೋಣ ಅಂತ ಆಯಿತು. "ನಾನು ಒಬ್ಬನೇ ಆಗಿದ್ರೆ ಹೋಗ್ತಾನೇ ಇರಲಿಲ್ಲ ಅಮ್ಮ."

ಇದು ನೆಪದಂತೆ ಕೇಳುತ್ತದೆ, ಆದರೆ ನಿಜ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 306 ಜನ, ಮೂರು ವಯಸ್ಸಿನ ಗುಂಪು: 13ರಿಂದ 16, 18ರಿಂದ 22, ಮತ್ತು 24 ದಾಟಿದವರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದ ಮೇಲೆ ಎಷ್ಟು ಹೊತ್ತಿಗೆ ನಿಲ್ಲಿಸುತ್ತಾರೆ ಅನ್ನುವುದು ಪರೀಕ್ಷೆ. ಕೆಲವರು ಒಬ್ಬರೇ ಆಡಿದರು, ಕೆಲವರ ಪಕ್ಕದಲ್ಲಿ ಇಬ್ಬರು ಗೆಳೆಯರಿದ್ದರು. ದೊಡ್ಡವರಿಗೆ ಗೆಳೆಯರಿದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಹದಿಹರೆಯದವರು ಗೆಳೆಯರ ಎದುರು ತುಂಬ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಮೆದುಳಿನಲ್ಲಿ ಖುಷಿ, ಬಹುಮಾನ, ಮೆಚ್ಚುಗೆಗೆ ಮಿಡಿಯುವ ಭಾಗಗಳು ಮೈನೆರೆಯುವ ಕಾಲಕ್ಕೇ ಚುರುಕಾಗುತ್ತವೆ. ತಡೆದು ಯೋಚಿಸುವ ಮುಂಭಾಗ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿಗೆ. ಹಾಗಾಗಿ ಬೈಕಿನ ಮೇಲೆ ಕೂತ ಮೂವರು ಹುಡುಗರಲ್ಲಿ ಒಬ್ಬೊಬ್ಬನೂ ಒಳ್ಳೆಯವನೇ ಇರಬಹುದು, ಮೂವರೂ ಸೇರಿದಾಗ ಘಾಟಿಯ ತಿರುವಿನಲ್ಲಿ ಬೇರೆಯೇ ಒಬ್ಬ ಹುಟ್ಟಿಕೊಳ್ಳುತ್ತಾನೆ.

ಅತ್ತಿಗೆ ಈ ಅಧ್ಯಯನ ಓದಿದವರಲ್ಲ. ಆದರೆ ಆ ಬೆಳಗ್ಗೆ ಅವರು ಹಿಡಿದ ದಾರಿ ಅದಕ್ಕೆ ಒಪ್ಪುವಂಥದ್ದೇ. "ಅವರ ಸಹವಾಸ ಬಿಡು" ಅನ್ನಲಿಲ್ಲ. ಮುಂದಿನ ಭಾನುವಾರ ಆ ಇಬ್ಬರು ಹುಡುಗರನ್ನೂ ಊಟಕ್ಕೆ ಕರೆಸಿದರು. ಅದಾದ ಮೇಲೆ ಆ ಮನೆಯಲ್ಲಿ ಭಾನುವಾರಕ್ಕೆ ಒಂದು ಸೇರು ಅಕ್ಕಿ ಹೆಚ್ಚು ಬೇಯುತ್ತಿದೆ. ಹುಡುಗರು ಎಲ್ಲಿರುತ್ತಾರೆ ಅನ್ನುವುದು ಗೊತ್ತಿರಬೇಕಾದರೆ, ಅವರು ಇರಲು ಬಯಸುವ ಜಾಗ ನಮ್ಮ ಮನೆಯಾಗಿರಬೇಕು.

ಎರಡನೆಯದು ಕೇಳುವ ಬಗೆ. ಫೆಬ್ರವರಿ, ಮಾರ್ಚಿನಲ್ಲಿ ಕಾಳುಮೆಣಸು ಬರುತ್ತದೆ. ಗೊನೆಯಿಂದ ಕಾಳು ಬಿಡಿಸುವ ಕೆಲಸ ಕೈಗೆ ಮಾತ್ರ, ತಲೆಗಲ್ಲ. ಅತ್ತಿಗೆ ಮಗನ ಜೊತೆ ಮಾತಾಡುವುದೆಲ್ಲ ಹೆಚ್ಚಾಗಿ ಅಂಥ ಹೊತ್ತಿನಲ್ಲಿ. ಇಲ್ಲವೆಂದರೆ ಜೀಪಿನಲ್ಲಿ, ಕಣದಲ್ಲಿ ಕಾಫಿ ಮಗುಚುವಾಗ. ಇಬ್ಬರೂ ಪಕ್ಕಪಕ್ಕ, ಕಣ್ಣು ಬೇರೆಡೆ. ಎದುರು ಕೂರಿಸಿಕೊಂಡು "ಮುಖ ನೋಡಿ ಮಾತಾಡು" ಅಂದರೆ ಅದು ಪೊಲೀಸ್ ಠಾಣೆ. ಪಕ್ಕದಲ್ಲಿ ಕೂತು ಕೈಗೆ ಕೆಲಸ ಕೊಟ್ಟರೆ ಮೌನಕ್ಕೂ ಒಂದು ಗೌರವ ಇರುತ್ತದೆ. ಯಾರೂ ಮಾತಾಡದಿದ್ದರೂ ಮೆಣಸು ಬಿಡಿಸಿದ್ದಂತೂ ಆಗುತ್ತದೆ.

ಅವರ ಪ್ರಶ್ನೆಗಳಿಗೂ ಒಂದು ಅನುಕ್ರಮ ಇತ್ತು. ಅದನ್ನು ನಾನು ಗುರುತಿಸಿದ್ದು ಆಮೇಲೆ, ಹದಿಹರೆಯದವರ ವೈದ್ಯರು ಬಳಸುವ ಒಂದು ಸಂದರ್ಶನ ಕ್ರಮವನ್ನು ಓದಿದಾಗ. ಅದಕ್ಕೆ 'ಹೆಡ್ಸ್' ಅಂತ ಹೆಸರು. 1972ರಲ್ಲಿ ಅಮೆರಿಕದ ವೈದ್ಯ ಹಾರ್ವೆ ಬರ್ಮನ್ ರೂಪಿಸಿದ್ದು, 1988ರಲ್ಲಿ ಗೋಲ್ಡನ್‌ರಿಂಗ್ ಮತ್ತು ಕೋಹೆನ್ ತಿದ್ದಿ ಪ್ರಕಟಿಸಿದ್ದು. ಮೊದಲು ಮನೆ, ಆಮೇಲೆ ಓದು, ಆಮೇಲೆ ಆಟ, ಗೆಳೆಯರು, ಹವ್ಯಾಸ. ಇಷ್ಟಾದ ಮೇಲೆ ನಶೆ, ಆಮೇಲೆ ಪ್ರೀತಿ ಮತ್ತು ಮೈಯ ವಿಷಯ, ಕೊನೆಗೆ ಮನಸ್ಸಿನ ಕತ್ತಲೆ, ಸಾಯುವ ಯೋಚನೆ. ದಡದಿಂದ ಇಳಿದು ನಡುನೀರಿಗೆ ಹೋಗುವ ಕ್ರಮ ಇದು. ನಾವು ತಂದೆತಾಯಿಗಳು ನೇರ ನಡುನೀರಿಗೇ ಧುಮುಕುತ್ತೇವೆ: "ಸಿಗರೇಟು ಸೇದ್ತೀಯಾ, ಹೇಳು!" ಇಲ್ಲ ಅನ್ನುವ ಉತ್ತರ ಬಿಟ್ಟು ಅವನಿಗೆ ಬೇರೆ ದಾರಿ ಎಲ್ಲಿದೆ?

ಆ ಕ್ರಮದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೊದಲು ಬೇರೆಯವರ ಬಗ್ಗೆ ಕೇಳುವುದು. "ನಿಮ್ಮ ಕಾಲೇಜಲ್ಲಿ ಸೊಪ್ಪು ಸೇದೋ ಹುಡುಗರು ಇದಾರಂತಲ್ಲ?" ಅಂತ ಅತ್ತಿಗೆ ಮೆಣಸಿನ ಗೊನೆಯಿಂದ ತಲೆ ಎತ್ತದೆ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಸೊಪ್ಪು ಅಂದರೆ ಗಾಂಜಾ. ಹುಡುಗರ ಮಾತನ್ನೇ ಅವರು ಬಳಸಿದರು, ಬೆಚ್ಚಿಬೀಳದೆ. "ಇದಾರೆ" ಅಂದ. "ನಿಂಗೂ ಕೊಟ್ಟಿದ್ರಾ?" ಐದು ನಿಮಿಷ ಮೆಣಸು ಬಿಡಿಸಿದ ಮೇಲೆ, "ಎರಡು ಸಲ" ಅಂದ. ನನ್ನ ಕೈ ನಿಂತಿತು. ಅತ್ತಿಗೆಯದು ನಿಲ್ಲಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಇನ್ನೂ ಬೆರಗಿನಿಂದ ನೆನೆಯುತ್ತೇನೆ. ಉಪದೇಶ ಇಲ್ಲ. "ಬಿಡಬೇಕು ಅಂತ ನಿಂಗೆ ಎಷ್ಟು ಅನ್ಸುತ್ತೆ, ಹತ್ತಕ್ಕೆ?" ಅಂತ ಕೇಳಿದರು. "ನಾಲ್ಕು." "ನಾಲ್ಕಾ? ಒಂದು ಯಾಕಲ್ಲ?" ಹುಡುಗ ಯೋಚಿಸಿ, ಮಾರನೇ ದಿನ ಏನೂ ತಲೆಗೆ ಹೋಗಲ್ಲ, ಕಬಡ್ಡಿ ಆಡುವಾಗ ಉಸಿರು ಸಾಲಲ್ಲ, ಸಿಕ್ಕಿಬಿದ್ದರೆ ಅಪ್ಪನ ಮುಖ ನೋಡಕ್ಕಾಗಲ್ಲ ಅಂತ ತಾನೇ ಹೇಳಿದ. ಬಿಡಲು ಕಾರಣಗಳನ್ನು ತಾಯಿ ಹೇಳಿದ್ದರೆ ಅವನು ಒಂದೊಂದನ್ನೂ ಕಡಿದು ಹಾಕುತ್ತಿದ್ದ. ತಾನೇ ಹೇಳಿದ್ದನ್ನು ತಾನೇ ಕಡಿಯುವುದು ಕಷ್ಟ. ವ್ಯಸನ ಬಿಡಿಸುವವರ ಲೋಕದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞ 1983ರಲ್ಲಿ ಇದರ ಬಗ್ಗೆ ಮೊದಲು ಬರೆದರು, ಮುಂದೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ಅತ್ತಿಗೆಗೆ ಆ ಅಂಕಿಯ ಪ್ರಶ್ನೆ ಕಲಿಸಿದ್ದು ಆಸ್ಪತ್ರೆಯ ಆಪ್ತಸಮಾಲೋಚಕಿ. ಅಲ್ಲಿಗೆ ಅವರು ಹೋದ ಸಂಗತಿಗೆ ಮುಂದೆ ಬರುತ್ತೇನೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ನನ್ನ ಮಗಳಿಗೆ ಹದಿನೈದಾದಾಗ, ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅವಳ ಫೋನ್ ತೆಗೆದು ಮೆಸೇಜುಗಳನ್ನು ಓದಿದೆ. ಅಂಥದ್ದೇನೂ ಇರಲಿಲ್ಲ. ಅವಳಿಗೆ ಗೊತ್ತಾಯಿತು. ಅಳಲಿಲ್ಲ, ಜಗಳ ಆಡಲಿಲ್ಲ. ಅವತ್ತಿನಿಂದ ಸುಮಾರು ಒಂದು ವರ್ಷ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಶಾಲೆಯಿಂದ ಬಂದು ಅಡುಗೆಮನೆ ಕಟ್ಟೆ ಮೇಲೆ ಕೂತು ಹೇಳುತ್ತಿದ್ದ ಅಷ್ಟೂ ಕತೆ ನಿಂತುಹೋಯಿತು.

ನಾನು ಕಳೆದುಕೊಂಡದ್ದು ಎಷ್ಟು ದೊಡ್ಡದು ಅಂತ ಅರ್ಥವಾದದ್ದು, ಸ್ವೀಡನ್ನಿನಲ್ಲಿ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ. ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಅಂತ ಗೊತ್ತಿರುವ ತಂದೆತಾಯಿಗಳ ಮಕ್ಕಳು ದಾರಿ ತಪ್ಪುವುದು ಕಡಿಮೆ ಅನ್ನುವುದು ಮೊದಲಿಂದಲೂ ತಿಳಿದಿತ್ತು. ಅದರಿಂದ, ಹೆಚ್ಚು ಕಾವಲು ಕಾಯಿರಿ ಅನ್ನುವುದೇ ಸಲಹೆಯಾಗಿತ್ತು. ಇವರಿಬ್ಬರು 14 ವರ್ಷದ 703 ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಕೇಳಿದ್ದು ಬೇರೆ: ನಿಮಗೆ ಗೊತ್ತಾಗುವುದು ಹೇಗೆ? ವಿಚಾರಿಸಿಯೋ, ಕಟ್ಟುಪಾಡು ಹಾಕಿಯೋ, ಮಗು ತಾನಾಗಿ ಹೇಳುವುದರಿಂದಲೋ? ಗೊತ್ತಾಗುವುದು ಬಹುಪಾಲು ಮಗು ತಾನಾಗಿ ಹೇಳುವುದರಿಂದ ಅಂತ ಬಂತು. ಕೆಟ್ಟ ದಾರಿಯಿಂದ ದೂರ ಉಳಿಯುವುದರ ಜೊತೆ ಹೆಚ್ಚು ನಂಟು ಇದ್ದದ್ದೂ ಅದಕ್ಕೇ. ಮಗುವಿನ ಬಾಯಿ ಮುಚ್ಚಿಸಿ ಫೋನು ತೆರೆಯುವ ತಾಯಿ, ನನ್ನ ಹಾಗೆ, ತುಂಬಿದ ಬಾವಿಗೆ ಕಲ್ಲು ಹಾಕಿ ಹನಿ ನೀರಿಗೆ ಬಂಡೆ ಕೊರೆಯುತ್ತಾಳೆ.

ಫೋನಿನ ಗೀಳು ನಿಜವಾಗಿಯೂ ಕೈಮೀರಿದಾಗ ಅದಕ್ಕೆ ಬೇರೆ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಅನ್ನುವ ಚಿಕಿತ್ಸಾಲಯ ಇದಕ್ಕೇ ಮೀಸಲು. ಆದರೆ ಗುಟ್ಟಾಗಿ ಮೆಸೇಜು ಓದುವುದು ಚಿಕಿತ್ಸೆಯೂ ಅಲ್ಲ, ಕಾವಲೂ ಅಲ್ಲ. ಮಗಳ ಮುಂದೆ ತಪ್ಪೊಪ್ಪಿಕೊಂಡೆ. ಮತ್ತೆ ಕತೆ ಕೇಳಲು ಬಹಳ ಕಾಲ ಹಿಡಿಯಿತು.

ಹಾಗಾದರೆ ಕಟ್ಟುಪಾಡೇ ಬೇಡವೇ? ಬೇಕು. ಇಲ್ಲಿ ತೋಟದ ಮಾತು ಹೇಳದೆ ನನಗೆ ವಿವರಿಸಲು ಬರುವುದಿಲ್ಲ. ನಮ್ಮ ಕಡೆ ಕಾಫಿ ಬೆಳೆಯುವುದು ನೆರಳಿನಲ್ಲಿ. ಹಾಲುವಾಣ, ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ಕೆಳಗೆ. ನೆರಳು ದಟ್ಟವಾದರೆ ಗಿಡ ಹಸಿರಾಗಿ ಸೊಂಪಾಗಿರುತ್ತದೆ, ಹೂವಾಗುವುದಿಲ್ಲ, ಕೊಳೆರೋಗ ಬರುತ್ತದೆ. ನೆರಳು ತೆಗೆದುಹಾಕಿದರೆ ಎಲೆ ಸುಡುತ್ತದೆ, ಬಿಸಿಲು ಬಿದ್ದ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹತ್ತುತ್ತದೆ. ಹೊರಗಿಂದ ಗಿಡ ನೆಟ್ಟಗೇ ಇರುತ್ತದೆ, ಒಳಗೆ ಸುರಂಗ. ಅದಕ್ಕೇ ಪ್ರತಿ ವರ್ಷ ಮರಗಸಿ. ಈ ವರ್ಷ ಎಷ್ಟು ಬಿಸಿಲು ಬಿಡಬೇಕು ಅನ್ನುವುದು ಗಿಡದ ವಯಸ್ಸು, ತೋಟದ ಮುಖ ಮೂಡಲಿಗೋ ಪಡುವಲಿಗೋ, ಹೋದ ವರ್ಷದ ಫಸಲು ಎಲ್ಲ ನೋಡಿ. ಒಂದೇ ತೋಟದಲ್ಲಿ ಎರಡು ಗಿಡಕ್ಕೆ ಎರಡು ಲೆಕ್ಕ.

ಬೆಚ್ಚಗಿನ ಪ್ರೀತಿ ಮತ್ತು ಗಟ್ಟಿ ಮಿತಿ ಎರಡೂ ಒಟ್ಟಿಗಿರುವ ಮನೆಯ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ ಅಂತ ಡಯಾನಾ ಬೌಮ್ರಿಂಡ್ 1960ರ ದಶಕದಿಂದ ಬರೆಯುತ್ತಾ ಬಂದರು. ನಮ್ಮಲ್ಲಿ ಅವೆರಡನ್ನು ಅಪ್ಪ ಅಮ್ಮ ಹಂಚಿಕೊಂಡುಬಿಡುತ್ತಾರೆ, ಮಿತಿ ಅಪ್ಪನದು, ಪ್ರೀತಿ ಅಮ್ಮನದು. ಹುಡುಗ ಇಬ್ಬರ ನಡುವೆ ನುಸುಳಿ ಹೋಗುತ್ತಾನೆ. ಅಣ್ಣ ಅತ್ತಿಗೆ ಇಬ್ಬರೂ ಎರಡನ್ನೂ ಹೊರಲು ಕಲಿತರು, ಅಣ್ಣ ಸ್ವಲ್ಪ ತಡವಾಗಿ.

ಅವರ ಮನೆಯಲ್ಲಿ ನಿಯಮ ಮೂರೇ. ಬೈಕಿನದು ಮೊದಲನೆಯದು. ಹದಿನೆಂಟು ತುಂಬಿ ಲೈಸೆನ್ಸ್ ಬರುವ ತನಕ ಗೇರ್ ಬೈಕಿನ ಕೀ ಇಲ್ಲ. ಇದನ್ನು ಅಣ್ಣ ತನ್ನ ಹಟ ಅಂತ ಹೇಳದೆ ಕಾನೂನನ್ನೇ ಓದಿ ಹೇಳಿದ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ 199ಎ ಅಂತ ಒಂದು ಸೆಕ್ಷನ್ ಇದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. "ಅಪ್ಪ ಜೈಲಿಗೆ ಹೋಗೋದು ಬಿಡು, ಇಪ್ಪತ್ತೈದರ ತನಕ ಬಸ್ಸಲ್ಲಿ ಓಡಾಡ್ತೀಯಾ?" ಅನ್ನುವುದು ಅವನಿಗೆ ನಾಟಿತು. ಎರಡನೆಯದು ಆನೆ. ಅರಣ್ಯ ಇಲಾಖೆಯ ಎಚ್ಚರಿಕೆ ಬಂದ ರಾತ್ರಿ ನಡೆದೋ ಬೈಕಲ್ಲೋ ಬರುವುದು ಬೇಡ, ಎಲ್ಲಿದ್ದೀಯೋ ಅಲ್ಲೇ ಉಳಿ, ಉಳಿದ ಮನೆಯಿಂದ ಫೋನ್ ಮಾಡು.

ಮೂರನೆಯದು ನಿಯಮ ಅನ್ನುವುದಕ್ಕಿಂತ ತಂದೆತಾಯಿ ಕೊಟ್ಟ ಮಾತು. ಕುಡಿದಿರಲಿ, ಜಗಳವಾಗಿರಲಿ, ಕುಡಿದವನ ಬೈಕಿನ ಹಿಂದೆ ಕೂರಬೇಕಾಗಿ ಬರಲಿ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿದರೆ ಬಂದು ಕರೆದುಕೊಂಡು ಹೋಗುತ್ತೇವೆ. ದಾರಿಯಲ್ಲಿ ಬೈಗುಳ ಇಲ್ಲ. ಮಾತು ನಾಳೆ ಬೆಳಗ್ಗೆ.

ನಿಯಮ ಮುರಿದರೆ ಶಿಕ್ಷೆ ಚಿಕ್ಕದು, ಮೊದಲೇ ಗೊತ್ತಿರುವುದು, ತಪ್ಪದೆ ಬರುವುದು. ದೋಣಿಗಾಲ್ ಪ್ರಕರಣಕ್ಕೆ ಸಿಕ್ಕಿದ್ದು ಎರಡು ವಾರ ಸಂಜೆ ಹೊರಗೆ ಹೋಗುವಂತಿಲ್ಲ, ಕಣದಲ್ಲಿ ಕೆಲಸ. ಅಣ್ಣ ಮೊದಲು ಹೇಳಿದ್ದು ಪಿಯುಸಿ ಬಿಡಿಸುತ್ತೇನೆ ಅಂತ. ನಡೆಸಲಾಗದ ದೊಡ್ಡ ಶಿಕ್ಷೆಯ ಬೆದರಿಕೆ ಹಾಕಿದ ದಿನ ಅಪ್ಪನ ಮಾತಿಗೆ ತೂಕ ಕಮ್ಮಿಯಾಗುತ್ತದೆ ಅಂತ ಅತ್ತಿಗೆ ಅವನಿಗೆ ತಿಳಿಸಿ ಹೇಳಬೇಕಾಯಿತು.

ಮನೆಯವರಷ್ಟೇ ಸಾಲದು ಅನ್ನುವುದಕ್ಕೆ ಆನೆಗಳದೇ ಒಂದು ಕತೆ ಇದೆ. ಗಂಡಾನೆ ಸುಮಾರು 10ರಿಂದ 15ರ ವಯಸ್ಸಿನಲ್ಲಿ ತಾಯಿಯ ಹಿಂಡು ಬಿಡುತ್ತದೆ. ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಅಭಯಾರಣ್ಯಕ್ಕೆ ಹಿರಿಯರಿಲ್ಲದ ಮರಿಗಳನ್ನು ತಂದು ಬಿಟ್ಟಿದ್ದರು. ಅವು ಬೆಳೆದು, ವಯಸ್ಸಿಗೆ ಮುಂಚೆ ಮದವೇರಿ, 1992ರಿಂದ 1997ರ ನಡುವೆ 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟರು. ಹಿರಿಯರು ಬಂದ ಮೇಲೆ ಕಿರಿಯವುಗಳ ಮದ ಇಳಿಯಿತು, ಕೊಲ್ಲುವುದು ನಿಂತಿತು. ಇದು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ವರದಿ. ನಮ್ಮ ದಕ್ಷಿಣ ಭಾರತದಲ್ಲೂ, ಹೊಲ ತೋಟಗಳಿರುವ ಸೀಮೆಯಲ್ಲಿ ಹರೆಯದ ಗಂಡಾನೆಗಳು ಗುಂಪು ಕಟ್ಟಿಕೊಂಡು ಬಾಳುವುದನ್ನು ನಿಶಾಂತ್ ಶ್ರೀನಿವಾಸಯ್ಯ, ರಾಮನ್ ಸುಕುಮಾರ್ ಮತ್ತು ಸಂಗಡಿಗರು 2019ರಲ್ಲಿ ದಾಖಲಿಸಿದ್ದಾರೆ. ಅಪಾಯದ ಜಾಗದಲ್ಲಿ ಹರೆಯ ಒಂಟಿಯಾಗಿರಲು ಬಯಸುವುದಿಲ್ಲ. ಜೊತೆಗೆ ಯಾರಿರುತ್ತಾರೆ ಅನ್ನುವುದೇ ಪ್ರಶ್ನೆ.

ಹುಡುಗನಿಗೆ ಸಿಕ್ಕ ಹಿರಿಯರು ತೋಟದ ಲೆಕ್ಕ ನೋಡುವ ರೈಟರು ಮತ್ತು ಕಾಲೇಜಿನ ಪಿಟಿ ಮೇಷ್ಟ್ರು. ಅಪ್ಪನ ಹತ್ತಿರ ಹೇಳಲಾಗದ್ದನ್ನು ರೈಟರ ಹತ್ತಿರ ಹೇಳುತ್ತಿದ್ದ. ಅತ್ತಿಗೆ ರೈಟರಿಗೆ ಒಂದೇ ಮಾತು ಹೇಳಿದ್ದರು: "ಅವನು ಹೇಳಿದ್ದು ನಂಗೆ ಬಂದು ಹೇಳಬೇಡಿ ಅಣ್ಣ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳಿ." ಹದಿಹರೆಯದವರ ವೈದ್ಯರೂ ಮಾತು ಶುರು ಮಾಡುವ ಮುಂಚೆ ಇದೇ ಒಪ್ಪಂದ ಮಾಡಿಕೊಳ್ಳುತ್ತಾರೆ. ರೈಟರು ಅವನಿಗೆ ಆನೆಯ ಹೆಜ್ಜೆಯಿಂದ ಎತ್ತರ ಅಳೆಯುವುದು, ಲದ್ದಿ ಮುಟ್ಟಿ ಎಷ್ಟು ಹೊತ್ತಾಗಿದೆ ಅಂತ ಹೇಳುವುದು ಕಲಿಸಿದರು. ಪಕ್ಕದ ಮೂಡಿಗೆರೆಯಲ್ಲಿ ಕೂತು ತೇಜಸ್ವಿ 1980ರಲ್ಲಿ ಬರೆದ 'ಕರ್ವಾಲೊ' ಕಾದಂಬರಿಯಲ್ಲಿ, ಊರಿಗೆ ಕೆಲಸಕ್ಕೆ ಬಾರದವನಾಗಿ ಕಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟಾ ನಿಸರ್ಗಜ್ಞಾನಿಯನ್ನು ಕಾಣುತ್ತಾರಲ್ಲ, ಅದು ನನಗೆ ನೆನಪಾಗುತ್ತದೆ. ಅಪಾಯದ ಹಸಿವು ಇರುವ ಹುಡುಗನಿಗೆ ಅಪಾಯವನ್ನು ಓದುವ ವಿದ್ಯೆ ಕೊಟ್ಟರೆ ಅವನು ಅದನ್ನು ಅನ್ನದಂತೆ ಉಣ್ಣುತ್ತಾನೆ.

ಹುಡುಗಿಯರ ವಿಷಯದಲ್ಲಿ ನನ್ನ ದನಿ ಬೇರೆಯಾಗುತ್ತದೆ. ಮಗ ತಪ್ಪಿದರೆ "ವಯಸ್ಸು" ಅನ್ನುವ ಮನೆಯೇ, ಮಗಳು ಯಾರ ಜೊತೆಯೋ ಫೋನಲ್ಲಿ ಮಾತಾಡಿದರೆ "ಮರ್ಯಾದೆ" ಅನ್ನುತ್ತದೆ. ಪರಿಹಾರವಾಗಿ ಗಂಡು ಹುಡುಕುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಹುಡುಗಿಯ ಮದುವೆ ಮೊದಲಿಂದಲೇ ಅಸಿಂಧು. ಕಾನೂನಿನ ಮಾತು ಹಾಗಿರಲಿ. ಹದಿನಾರರ ಹುಡುಗಿ ಅಮ್ಮನ ಹತ್ತಿರ ಒಂದು ಹೆಸರು ಹೇಳಿದಳು ಅಂದರೆ ಅದು ದೊಡ್ಡ ನಂಬಿಕೆ. ಆ ನಂಬಿಕೆಗೆ ಮದುವೆಯ ಶಿಕ್ಷೆ ಕೊಟ್ಟ ಮನೆಯಲ್ಲಿ ತಂಗಿ ಯಾವತ್ತೂ ಬಾಯಿ ಬಿಡುವುದಿಲ್ಲ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ, ಬೆಳಗ್ಗೆ ಎಂಟಕ್ಕೆ ತೋಟಕ್ಕಿಳಿದು ಸಂಜೆ ಹತ್ತುವ ತಾಯಂದಿರ ಮಕ್ಕಳಿಗೆ ಶಾಲೆಯ ಒಬ್ಬ ಟೀಚರ್, ಅಂಗನವಾಡಿಯ ಒಬ್ಬ ಅಕ್ಕ ಆ ಅಡುಗೆಮನೆ ಕಟ್ಟೆಯಾಗಿರುವುದನ್ನು ನಾನು ನೋಡಿದ್ದೇನೆ.

ಮನೆಯ ಕಸುಬಿಗೆ ಮೀರಿದ ಗಳಿಗೆಯೂ ಬರುತ್ತದೆ, ಅದನ್ನು ಗುರುತಿಸುವುದೂ ಕಸುಬೇ. ಎರಡನೇ ಪಿಯುಸಿಯಲ್ಲಿ ಹುಡುಗ ಊಟ ಬಿಟ್ಟ, ಕಬಡ್ಡಿ ಬಿಟ್ಟ, ಮಧ್ಯಾಹ್ನ ಮಲಗಿ ರಾತ್ರಿ ಎಚ್ಚರ ಇರತೊಡಗಿದ. "ನಾನು ಇಲ್ದಿದ್ರೆ ನಿಮಗೆಲ್ಲ ನೆಮ್ಮದಿ" ಅಂದ. ಅತ್ತಿಗೆ ಅದನ್ನು ಪರೀಕ್ಷೆಯ ಭಯ ಅಂತ ತಳ್ಳಿಹಾಕಲಿಲ್ಲ. ನೇರವಾಗಿ ಕೇಳಿದರು: "ಸಾಯಬೇಕು ಅಂತ ಅನ್ಸುತ್ತೇನೋ ಮಗ?" ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದಾಗ ಹೊತ್ತವನ ಭಾರ ಇಳಿಯುತ್ತದೆ. ಅವನು ಅತ್ತ. ಅದೇ ಸಂಜೆ ಅಣ್ಣ ಸಿಂಪಡಣೆಯ ಔಷಧಿಗಳನ್ನೆಲ್ಲ ಗೋದಾಮಿಗೆ ಹಾಕಿ ಬೀಗ ಜಡಿದು ಕೀ ಸೊಂಟಕ್ಕೆ ಕಟ್ಟಿಕೊಂಡ, ಬೆಳೆ ಕಾಯುವ ಕೋವಿಯನ್ನು ಮನೆಯಿಂದಲೇ ಸಾಗಿಸಿದ. ತೋಟದ ಮನೆಗಳಲ್ಲಿ ಇದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತಾ ಬಂದ ಶ್ರೀಲಂಕಾದಲ್ಲಿ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಸಾಯಬೇಕೆನ್ನಿಸುವ ಆ ಗಳಿಗೆ ದಾಟಿಸಿದರೆ ಬಹುಪಾಲು ಜೀವ ಉಳಿಯುತ್ತದೆ.

ಆ ರಾತ್ರಿಯೇ 14416ಕ್ಕೆ ಫೋನ್ ಮಾಡಿದರು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ, ಕನ್ನಡದಲ್ಲಿ, ದುಡ್ಡಿಲ್ಲದೆ. ಮಕ್ಕಳ ರಕ್ಷಣೆಗೆ 1098 ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರಲಿ ಅಂತ ರಾಜ್ಯ ಸರ್ಕಾರ ರೂಪಿಸಿದ್ದು ಮನೋಚೈತನ್ಯ ಕಾರ್ಯಕ್ರಮ. ನಿಮ್ಹಾನ್ಸ್ ಮತ್ತು ಯುವಜನ ಇಲಾಖೆಯ ಯುವ ಸ್ಪಂದನ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಪೊಲೀಸ್ ಕೇಸಾಗುತ್ತದೆ ಅನ್ನುವ ಭಯದಲ್ಲಿ ಮುಚ್ಚಿಡುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಭಾವಿಸಿ ಶಿಕ್ಷೆಯಿಂದ ಕಾಯುತ್ತದೆ. ಅತ್ತಿಗೆ ಆಪ್ತಸಮಾಲೋಚಕಿಯ ಬಳಿ ಆರು ತಿಂಗಳು ಮಗನ ಜೊತೆ ಹೋದರು, ಎರಡು ಸಲ ಮಗನಿಲ್ಲದೆ ತಾವೊಬ್ಬರೇ. ಹತ್ತಕ್ಕೆ ಎಷ್ಟು ಅನ್ನುವ ಪ್ರಶ್ನೆ ಕಲಿತು ಬಂದದ್ದು ಹಾಗೆ ಒಬ್ಬರೇ ಹೋದ ದಿನ.

ಹೋದ ವರ್ಷ ಹೂಮಳೆ ಬಿದ್ದ ವಾರ, ರಾತ್ರಿ ಹನ್ನೊಂದಕ್ಕೆ ಅತ್ತಿಗೆಯ ಫೋನ್ ಹೊಡೆದುಕೊಂಡಿತು. ಹಾನುಬಾಳಿನ ಕಡೆ ಗೆಳೆಯನ ಅಕ್ಕನ ಮದುವೆ ಮನೆ. "ಅಮ್ಮ, ಎಲ್ಲರೂ ಕುಡಿದಿದ್ದಾರೆ. ನಾನೂ ಸ್ವಲ್ಪ. ಬೈಕಲ್ಲಿ ಬರಕ್ಕೆ ಭಯ ಆಗ್ತಿದೆ. ಬರ್ತೀಯಾ?" ಅಣ್ಣ ಊರಲ್ಲಿರಲಿಲ್ಲ. ಅತ್ತಿಗೆ ಶಾಲು ಹೊದ್ದು, ಟಾರ್ಚ್ ಹಿಡಿದು, ರೈಟರನ್ನು ಎಬ್ಬಿಸಿ ಜೀಪು ಹತ್ತಿದರು. ಹುಡುಗ ಹಿಂದಿನ ಸೀಟಿನಲ್ಲಿ ಕೂತ. ಯಾರೂ ಮಾತಾಡಲಿಲ್ಲ. ಬಾಳ್ಳುಪೇಟೆ ದಾಟಿ ಮಣ್ಣುರಸ್ತೆಗೆ ತಿರುಗಿದಾಗ ರೈಟರು ಜೀಪು ನಿಲ್ಲಿಸಿ ಲೈಟ್ ಆರಿಸಿದರು. ಮುಂದೆ ರಸ್ತೆಗೆ ಅಡ್ಡಲಾಗಿ ಆನೆಗಳು, ನಡುವೆ ಒಂದು ಮರಿ. ಕಾಫಿ ಹೂವಿನ ವಾಸನೆ ಗಾಳಿಯ ತುಂಬ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕತ್ತಲಲ್ಲಿ ಹಿಂದಿನ ಸೀಟಿನಿಂದ ಪಿಸುದನಿ ಬಂತು: "ಅಮ್ಮ, ನಾಳೆ ತನಕ ಕಾಯೋದು ಬೇಡ. ನಿಂಗೊಂದು ವಿಷಯ ಹೇಳಬೇಕು."